ತಳೆಂ ಎಂದರೆ ತಳವಲ್ಲ

ಗೋವಾದ ಪರ್ವರಿಯ ಏರಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತು, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಗ್ಯಾರೇಜಿನವನ ಮುಖ ನೆನಪಾಗುತ್ತದೆ. ನನಗೆ ಅವ್ವ ನೆನಪಾಗುತ್ತಾಳೆ. ನಗಬೇಡಿ, ಕಾರಣ ಹೇಳುತ್ತೇನೆ.

ಧಾರವಾಡದಿಂದ ಅವ್ವ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳಿಗಿದ್ದ ಆಸೆ ಒಂದೇ: ಸೀರೆಯನ್ನು ಮೊಣಕಾಲಿಗೆ ಎತ್ತಿ ನೀರಿನಲ್ಲಿ ನಿಲ್ಲುವುದು. ಸಮುದ್ರಕ್ಕೆ ಕರೆದೊಯ್ದರೆ ಅಲ್ಲಿ ಸಂತೆಯಷ್ಟು ಜನ. "ಇಷ್ಟ್ ಮಂದಿ ಮುಂದ ಕಾಲು ತೋರಸ್ಲೇನೋ? ಒಲ್ಲೆ" ಎಂದು ಸೆರಗು ಹೊದ್ದು ಮರಳಿನ ಮೇಲೆ ಚಪ್ಪಲಿ ಸಮೇತ ಕೂತುಬಿಟ್ಟಳು. ಮರುದಿನ ಸಂಜೆ ಅವಳು ಊರಿಗೆ ಹೊರಡುವವಳು. ಸಾಂಗೇ ಕಡೆ ಕಾಡಿನೊಳಗೆ ಒಂದು ಕೆರೆ ಇದೆ, ಮರಳಿನ ದಂಡೆ ಇದೆ, ಅಲ್ಲಿ ನರಪಿಳ್ಳೆ ಇರುವುದಿಲ್ಲ ಎಂದು ಆಫೀಸಿನ ಗೆಳೆಯರೊಬ್ಬರು ಹೇಳಿದರು. ರಸ್ತೆಯೂ ಇರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಬೆಳಿಗ್ಗೆಯೇ ಹೊರಟೆವು. ಕೆಂಪು ಕಲ್ಲು, ಬೇರು, ಕೊರಕಲು. ನನ್ನದೋ ಆಫೀಸಿಗೆ ಹೋಗಿಬರುವ ಸಂಭಾವಿತ ಕಾರು. ಕ್ಲಚ್ ಹೊಗೆಯಾಡಿತು. ಅವ್ವ ಹನುಮಪ್ಪನನ್ನು ಕರೆಯತೊಡಗಿದಳು. ದಾರಿ ಎರಡಾದ ಕಡೆ ಕಟ್ಟಿಗೆ ಹೊತ್ತ ಹೆಂಗಸೊಬ್ಬಳು ಸಿಕ್ಕಳು. ನನ್ನ ಕೊಂಕಣಿ ಕಾಯಿಪಲ್ಲೆ ಕೊಳ್ಳಲು ಸಾಕು, ಕೆರೆಗೆ ಸಾಲದು. ಇಳಿದು, ಗಾಳಿಯಲ್ಲೇ ಈಜಿ ತೋರಿಸಿದೆ.

"ತಳೆಂ! ತಳೆಂ!" ಎಂದಳು ಅವಳು.

ಅಯ್ಯೋ, ಕಾರಿನ ತಳ ಹೋಯಿತು! ಬಿಳಿ ಅಂಗಿಯಲ್ಲೇ ಕೆಮ್ಮಣ್ಣಿನ ಮೇಲೆ ಬೋರಲು ಬಿದ್ದು ಗಾಡಿಯಡಿ ಇಣುಕಿದೆ. ಎಣ್ಣೆ ಸೋರಿರಲಿಲ್ಲ, ಏನೂ ಮುರಿದಿರಲಿಲ್ಲ. ಅವಳು ಮತ್ತೆ "ತಳೆಂ" ಎಂದಳು. ನಾನು ಇನ್ನಷ್ಟು ಒಳಗೆ ತೆವಳಿದೆ.

"ಏ ತಮ್ಮಾ, ಹೊರಗ ಬಾ," ಅವ್ವನ ದನಿ ಬಂತು. "ಆಕಿ ಬಟ್ಟು ಗಿಡದ ಕಡೆ ಐತಿ. ನೀ ಗಾಡಿ ಬುಡಕ ಏನ್ ಹುಡಕಾಕತ್ತಿ?"

ಕೊಂಕಣಿಯಲ್ಲಿ ತಳೆಂ ಎಂದರೆ ಕೆರೆ. ಆ ಮರಗಳ ಹಿಂದೆಯೇ ಇತ್ತು. ಹೆಂಗಸು ಹೊರೆ ಇಳಿಸಿ ನಕ್ಕಳು. ಅವ್ವ ಅವಳಿಗಿಂತ ಹೆಚ್ಚು ನಕ್ಕಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರೂ ನನ್ನ ಮಾನ ಹಂಚಿಕೊಂಡು ಜೋಡಿಯಾಗಿ ದಂಡೆಗೆ ನಡೆದರು.

ನಾನೂ ಹಿಂದೆ ಹೋದೆ. ಅವ್ವ ಸುತ್ತ ನೋಡಿ, "ನೀ ಆ ಕಡಿ ಮಾರಿ ಮಾಡು" ಎಂದಳು. ತಿರುಗಿ ನಿಂತೆ. ಬೆನ್ನ ಹಿಂದೆ ನೀರು ಕಲಕಿದ ಸದ್ದು, ಆಮೇಲೆ "ಅಯ್ಯಯ್ಯ, ಥಂಡಿ!" ಎಂಬ ಕಿರುಚಾಟ. ನಮ್ಮ ಅವ್ವ ಹಾಗೆ ಹುಡುಗಿಯಂತೆ ಕಿರುಚಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿದವು.

ಊರಿನಿಂದ ಬಂದವರಿಗೆ ಗೋವಾ ತೋರಿಸುವುದೆಂದರೆ ಮೊದಲು ನನಗೆ ಎಲ್ಲಿಲ್ಲದ ಹುರುಪು. ಈಗಲೂ ತೋರಿಸುತ್ತೇನೆ. ಆದರೆ "ಮಂದಿ ಇಲ್ಲದ ಜಾಗ ಒಂದರ ಐತೇನ್ರಿ?" ಎಂದು ಯಾರಾದರೂ ಕೇಳಿದರೆ ಮುಖ ಗಂಭೀರ ಮಾಡಿಕೊಂಡು, "ಎಲ್ಲೈತ್ರಿ, ಎಲ್ಲಾ ಕಡೆ ಮಂದೀನ" ಎಂದು ಸುಳ್ಳು ಹೇಳುತ್ತೇನೆ. ಮುಂದಿನ ತಿಂಗಳು ಅವ್ವ ಬರುವವಳಿದ್ದಾಳೆ.