ಒಗೆಯದ ಅಂಗಿ

ಊರಿನಲ್ಲಿ ಅವನದು ವಾಷಿಂಗ್ ಮಷೀನ್ ರಿಪೇರಿ ಅಂಗಡಿ. ಇಪ್ಪತ್ತು ವರ್ಷ ಜನರ ಕೊಳೆ ತೆಗೆಯುವ ಯಂತ್ರಗಳನ್ನು ನೆಟ್ಟಗೆ ಮಾಡಿದವನು ಈಗ ಪರದೇಶದಲ್ಲಿ, ಹಳೇ ವ್ಯಾನಿನೊಳಗೆ, ಹತ್ತೊಂಬತ್ತು ದಿನದಿಂದ ಒಗೆಯದ ಅಂಗಿ ತೊಟ್ಟು ಕುಳಿತಿದ್ದ. ಡ್ರಮ್ ಬಾರಿಸುವ ಹುಚ್ಚು ಮೊದಲಿಂದಲೂ ಇತ್ತು. ಅದಕ್ಕೆ ಗಾಳಿ ಹಾಕಿ ಇಲ್ಲಿಗೆ ಎಳೆದು ತಂದವನು ಹೆಂಡತಿಯ ತಮ್ಮ, ರಾಕ್ ಬ್ಯಾಂಡಿನ ಹಾಡುಗಾರ.

ಅಂಗಿಯ ಕಟ್ಟಳೆಯೂ ಈ ಮಹಾರಾಯನದೇ. ಮೊದಲ ಚಪ್ಪಾಳೆ ಬೀಳುವವರೆಗೆ ಯಾರೂ ವೇದಿಕೆಯ ಅಂಗಿ ಒಗೆಯುವಂತಿಲ್ಲ. ಹನ್ನೆರಡು ಊರು ಕಳೆದರೂ ಬೀಳದಿದ್ದರೆ ಬ್ಯಾಂಡ್ ಮುಚ್ಚಿ ಮನೆಗೆ. ಹಾಗೆಂದು ಅಕ್ಕನ ಮೇಲೆ ಆಣೆ ಇಟ್ಟಿದ್ದ. ಡ್ರಮ್ಮಿನವನು ಆ ಆಣೆಯನ್ನೇ ನೆಚ್ಚಿಕೊಂಡು, "ಇನ್ನಿಷ್ಟೇ ಊರು, ಬಂದ್ಬಿಡ್ತೀನಿ" ಎಂದು ದಿನವೂ ಹೆಂಡತಿಗೆ ಫೋನ್ ಮಾಡುತ್ತಿದ್ದ.

ಚಪ್ಪಾಳೆ ಬೀಳುವುದಾದರೂ ಹೇಗೆ? ಹಾಡುಗಾರ ಒಂದು ಹಾಡನ್ನೂ ಮುಗಿಸುತ್ತಿರಲಿಲ್ಲ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಿದ್ದ. ಟೈರ್ ಅಂಗಡಿ, ಈಜುಕೊಳ, ವೃದ್ಧಾಶ್ರಮದ ಊಟದ ಕೋಣೆ, ಎಲ್ಲ ಕಡೆಯೂ ಜನ ಕಾದು ಕಾದು ಎದ್ದು ಹೋದರು. ವ್ಯಾನಿನೊಳಗೆ ನಾಲ್ಕು ಅಂಗಿಗಳು ಹುಳಿಹುಳಿಯಾಗಿ ನಾರುತ್ತಿದ್ದವು. ಗಿಟಾರಿನವನು ಅದೇ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಳ್ಳುವುದನ್ನು ಕಂಡರೆ ಡ್ರಮ್ಮಿನವನು ಹೇಸಿ ಕಿಟಕಿಯತ್ತ ತಿರುಗುತ್ತಿದ್ದ.

"ಏನ್ ಭಾವ, ಮುಖ ಹೀಗೆ ಕಿವುಚ್ಕೊಂಡಿದ್ದೀರಾ?"

"ಏನಿಲ್ಲಪ್ಪ. ಇನ್ನೊಂದೇ ಊರು."

ಹನ್ನೆರಡನೆಯ ಊರಿನಲ್ಲಿ ಗ್ರಂಥಾಲಯದ ಸಭಾಂಗಣ, ನಲವತ್ತು ಜನ. ಹಾಡುಗಾರ ಎಂದಿನಂತೆ ತಾಳ ಬಿಟ್ಟು ತನ್ನ ಪಾಡಿಗೆ ಹೊರಟ. ಡ್ರಮ್ಮಿನವನು ಎಷ್ಟು ಗುದ್ದಿದರೂ ಆ ಕಿವಿಗೆ ಬೀಳಲಿಲ್ಲ. ಥೂ ಎನಿಸಿತು. ಕೋಲುಗಳನ್ನು ಬಿಸಾಡಿ ಎದ್ದು ನಿಂತು, ಭಾಮೈದನ ಬೆನ್ನ ಹಿಂದೆಯೇ ಎರಡು ಕೈ ಎತ್ತಿ ತಾಳ ಬಡಿದು ತೋರಿಸಿದ. ಒಂದು, ಎರಡು, ಮೂರು, ನಾಲ್ಕು.

ಹಾಡುಗಾರ ಬೆಚ್ಚಿ ತಿರುಗಿದ, ಬಾಯಿ ನಿಂತುಹೋಯಿತು. ಹಾಡು ಮುಗಿಯಿತೆಂದು ತಿಳಿದ ಆ ಮರ್ಯಾದಸ್ಥ ಜನ, ಬ್ಯಾಂಡಿನವನೇ ತಟ್ಟುತ್ತಿದ್ದಾನಲ್ಲ ಎಂದು ತಾವೂ ಜೊತೆಗೂಡಿದರು. ನಲವತ್ತೂ ಮಂದಿ.

ಸಂಜೆ ಅವನು ಲಾಡ್ಜಿನ ಬಚ್ಚಲಲ್ಲಿ ಅಂಗಿ ಉಜ್ಜುತ್ತಿದ್ದ. ಮೂರು ಬಕೆಟ್ ನೀರು ಕಪ್ಪಾದರೂ ನಾತ ಹೋಗಿರಲಿಲ್ಲ. ಹಾಡುಗಾರ ಬಾಗಿಲಲ್ಲಿ ನಿಂತ.

"ಭಾವ, ಇನ್ನೂ ಹನ್ನೆರಡು ಊರು ಒಪ್ಕೊಂಡೆ. ಅಕ್ಕಂಗೂ ಹೇಳ್ದೆ. ಚಪ್ಪಾಳೆ ಶುರು ಮಾಡಿದ್ದೇ ನೀವು ಅಂತಾನೂ ಹೇಳ್ದೆ."

"ಏನಂದ್ಲು?"

"ಮನೆಗೆ ಬರೋಕೆ ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತು ಅಂದ್ಲು."

ಅವನು ಸೋಪು ಹತ್ತಿದ ಕೈಗಳನ್ನು ನೋಡಿಕೊಂಡ. ಅಂಗಿಗಿಂತ ಅವೇ ಹೆಚ್ಚು ಹೇಸಿಗೆ ಹುಟ್ಟಿಸಿದವು.