ಬಾವಿಗೆ ಮೊದಲು ಗೊತ್ತಾಗುತ್ತದೆ

"ಹೊಳಿಗೆ ನೀರು ಬರೋಕಿಂತ ಮುಂಚೆ ನಮ್ಮ ಬಾವಿಗೆ ಗೊತ್ತಾಗ್ತೈತೆ" ಅಂತ ಮಾವ ಅಂದ.

"ಹೆಂಗೆ? ಬಾವಿಗೆ ಯಾರಾದ್ರೂ ಫೋನ್ ಮಾಡ್ತಾರಾ?"

"ಬಾವಿ ನೀರು ಮೊದ್ಲು ಏರ್ತೈತೆ. ನಮ್ಮಪ್ಪ ನೋಡಿದ್ದ. ನಾನೂ ನೋಡೀನಿ."

"ಮನೆಮಂದಿ ಹೇಳಿದ್ದು ಸಾಕ್ಷಿ ಆಗಲ್ಲ ಮಾವ. ಅಳತೆ ಎಲ್ಲೈತೆ?"

"ಅಳಿ ಮತ್ತೆ, ಲಾಯರಮ್ಮ. ಬ್ಯಾಡ ಅಂದೋರು ಯಾರು?"

ಜಗಳ ಶುರುವಾದದ್ದು ಹೀಗೆ. ಮಾವ ಅಂದರೆ ಅಮ್ಮನ ತಮ್ಮ. ಹರಿಹರದಲ್ಲಿ ಹೊಳೆಗೆ ಸಮೀಪವೇ ಅವನ ಮೋಟಾರ್ ವೈಂಡಿಂಗ್ ಶೆಡ್ಡು, ಅದರ ಹಿಂದೆ ಆ ಬಾವಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಲೋಕಿಕೆರೆ ಕಡೆಯಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಕೈ ತಾಮ್ರದ ತಂತಿ ಸುತ್ತುತ್ತಿದ್ದರೆ ಬಾಯಿ ಖಾಲಿ ಇರುತ್ತಿತ್ತಲ್ಲ, ಅದು ನನ್ನ ಪಾಲು. ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಶೀಲ್ಡುಗಳು ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಷೋಕೇಸಿನಲ್ಲಿವೆ. ಆದರೆ ವಾದಿಸುವ ಸುಖ ಬೇಕೆಂದಾಗ ನಾನು ಹತ್ತುತ್ತಿದ್ದದ್ದು ಹರಿಹರದ ಬಸ್ಸು.

ಅಳೆಯುವುದಕ್ಕೆಂದು ಅಂಗೈ ಅಗಲದ ಕಂಪ್ಯೂಟರ್ ಬೋರ್ಡೊಂದನ್ನು ತಂದೆ. ಅದಕ್ಕೆ ಲಿನಕ್ಸ್ ಹಾಕಿದೆ. ಬಾವಿಯ ತಳಕ್ಕೆ ಇಳಿಬಿಟ್ಟರೆ ನೀರಿನ ಒತ್ತಡದಿಂದ ಮಟ್ಟ ಹೇಳುವ ಸೆನ್ಸರನ್ನೂ ತರಿಸಿದೆ. "ತಂತಿ ವಿಷಯ ನನಗೆ ಬಿಡು" ಎಂದು ಮಾವ ಅಟ್ಟದಿಂದ ಒಂದು ಸುತ್ತು ಕೇಬಲ್ ಇಳಿಸಿದ. ಅದರ ತುದಿಗೆ ಸೆನ್ಸರ್ ಕಟ್ಟಿ ಬಾವಿಗೆ ಬಿಟ್ಟೆವು, ಬೋರ್ಡು ಶೆಡ್ಡಿನಲ್ಲೇ ಉಳಿಯಿತು. ತುದಿಯಲ್ಲಿ ಯಾರಿದ್ದೀರಿ ಎಂದು ತಂತಿಯೊಳಗೆ ಕೂಗಿ ಕೇಳುವ ಪುಟ್ಟ ಪ್ರೋಗ್ರಾಂ ಒಂದಿದೆ. ಸೆನ್ಸರ್ ಓಗೊಟ್ಟರೆ ಪರದೆಯ ಮೇಲೆ ಅದರ ನಂಬರು ಮೂಡುತ್ತದೆ, ಇಲ್ಲದಿದ್ದರೆ ಸಾಲುಸಾಲು ಅಡ್ಡಗೆರೆ. ಮೊದಲು ಆ ಪ್ರೋಗ್ರಾಮೇ ಬೋರ್ಡಿನಲ್ಲಿರಲಿಲ್ಲ. ಹಾಕಿದ ಮೇಲೆ, ನಿಮಗೆ ಅನುಮತಿ ಇಲ್ಲ ಎಂದಿತು. ಅನುಮತಿ ಇರುವವರ ಗುಂಪಿಗೆ ನನ್ನನ್ನೇ ಸೇರಿಸಿಕೊಂಡ ಮೇಲೆ ಬರೀ ಅಡ್ಡಗೆರೆ.

"ನಿನ್ನ ಕಂಪ್ಯೂಟ್ರೂ ಸರ್ಕಾರಿ ಆಫೀಸ್ ಆತಲ್ಲೇ" ಎಂದು ಮಾವ ನಕ್ಕ. "ಮೊದ್ಲು ಅರ್ಜಿ ಹಾಕ್ರಿ, ಆಮ್ಯಾಲೆ ಪರ್ಮಿಷನ್ ತರ್ರಿ. ಕಡೀಗೆ ಒಳಗ ಹೋದ್ರೆ ಸಾಹೇಬ್ರು ಸೀಟ್ನಾಗಿಲ್ಲ."

ಆ ವರ್ಷದ ಆಯುಧಪೂಜೆಗೆ ನಾನು ಹೋಗುವಷ್ಟರಲ್ಲಿ ವೈಂಡಿಂಗ್ ಮಷಿನ್ನು, ಕಟಿಂಗ್ ಪ್ಲೇಯರು, ಮೀಟರುಗಳ ಸಾಲಿನಲ್ಲಿ ನನ್ನ ಬೋರ್ಡೂ ಕೂತಿತ್ತು. ಮೈತುಂಬ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ.

"ಕರೆಂಟ್ ಹರಿಯೋ ಜಾಗದಾಗ ಹಸಿ ಬೂದಿ ಬಳೀತಾರೇನು ಮಾವ?"

"ಕೆಲಸ ಮಾಡೋದಕ್ಕೆಲ್ಲ ಪೂಜೆ ಆಗ್ಬೇಕು."

"ಇದು ಇನ್ನೂ ಕೆಲಸಾನೇ ಮಾಡಿಲ್ಲ!"

"ಅದಕ್ಕೇ ಒಂದೀಟು ಜಾಸ್ತಿ ಹಚ್ಚೀನಿ."

ಮಾರನೇ ದಿನದವರೆಗೆ ಯಾವುದನ್ನೂ ಮುಟ್ಟುವಂತಿರಲಿಲ್ಲ. ಆಮೇಲೆ ನನಗೆ ಪರೀಕ್ಷೆ, ಅವನಿಗೆ ಮೋಟಾರುಗಳ ಸುಗ್ಗಿ. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ, ಎದೆ ಹಿಡಿದಂಗಾಗ್ತೈತೆ ಅಂತ ಶೆಡ್ಡಿನ ಸ್ಟೂಲಿನ ಮೇಲೆ ಕೂತ ಮಾವ ಮತ್ತೆ ಏಳಲಿಲ್ಲ.

ಎಲ್ಲವೂ ತೀರಿದ ಮೇಲೆ ನನಗೆ ಉಳಿದದ್ದು ಆ ಬಾವಿಯ ಪ್ರಶ್ನೆ ಒಂದೇ. ಅದನ್ನು ಮಾತ್ರ ಅರ್ಧಕ್ಕೆ ಬಿಡಲಾರೆ ಅನ್ನಿಸಿತು. ಬೇಸಿಗೆಯಲ್ಲಿ ಬೋರ್ಡನ್ನು ಕೈಗೆತ್ತಿಕೊಂಡು ನೋಡಿದರೆ ಪಿನ್ನುಗಳ ಸಂದಿಯಲ್ಲೆಲ್ಲ ಒಣಗಿದ ವಿಭೂತಿ. ಅಪರಾಧಿ ಸಿಕ್ಕ ಅಂದುಕೊಂಡೆ. ಹಳೇ ಟೂತ್‌ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜತೊಡಗಿದೆ. ಅತ್ತೆ ಚಹಾ ಹಿಡಿದು ಬಂದವರು ಅಲ್ಲೇ ನಿಂತರು.

"ಸಂದ್ಯಾಗಿಂದು ತಗಿ ಯವ್ವಾ. ಮ್ಯಾಲಿಂದು ಹಂಗೇ ಇರ್ಲಿ."

ಬೋರ್ಡಿನ ನಡುವಿನ ದಪ್ಪ ಚಿಪ್ಪಿನ ಮೇಲೆ ಮೂರು ಬೆರಳಿನ ಗೆರೆ ಹಾಗೇ ಇತ್ತು. ಬೂದಿ ಶಾಖ ತಡೆಯುತ್ತದೆ, ಚಿಪ್ಪು ಬಿಸಿಯಾಗುತ್ತದೆ ಎಂದು ನಾನು ಹೇಳಬಹುದಿತ್ತು. ಬ್ರಷ್ ಕೆಳಗಿಟ್ಟು ಚಹಾ ಕುಡಿದೆ.

ಪಿನ್ನು ಫಳಫಳ ಹೊಳೆದರೂ ಪರದೆಯ ಮೇಲೆ ಅವೇ ಅಡ್ಡಗೆರೆಗಳು. ವಿಭೂತಿ ನಿರ್ದೋಷಿ. ಸೆನ್ಸರೇ ಸತ್ತಿದೆಯೋ ಏನೋ ಎಂದು ಅದನ್ನು ಬಾವಿಯಿಂದ ಎಳೆದು, ಮೇಜಿನ ಮೇಲೆ ಗೇಣುದ್ದದ ತಂತಿಯಲ್ಲಿ ಜೋಡಿಸಿದೆ. ಒಂದೇ ಕೂಗಿಗೆ ಓಗೊಟ್ಟಿತು! ಅಂದರೆ ತೊಂದರೆ ಇದ್ದದ್ದು ಮಾವನ ಕೇಬಲ್ಲಿನಲ್ಲಿ. ಅದು ಕೆಟ್ಟ ಕೇಬಲ್ಲೇನಲ್ಲ, ಆದರೆ ಈ ಜಾತಿಯ ಸೆನ್ಸರಿಗೆ ಅಷ್ಟುದ್ದದ ದಾರಿ ಆಗಿಬರುವುದಿಲ್ಲ. ಮಾತು ತುದಿ ಮುಟ್ಟುವಷ್ಟರಲ್ಲಿ ಕಲಸಿಹೋಗುತ್ತದೆ. ಅವನ ದೇವರು, ಅವನ ಬಾವಿ, ಅವನ ಅಪ್ಪ, ಎಲ್ಲವನ್ನೂ ಪ್ರಶ್ನೆ ಮಾಡಿದ ನಾನು ತಂತಿಯೊಂದನ್ನು ಪ್ರಶ್ನಿಸಿರಲಿಲ್ಲ. ತಂತಿ ಮಾವನ ಸೀಮೆ. ಅಲ್ಲಿ ಬಾಯಿ ಹಾಕಬಾರದು ಎಂಬ ನಂಬಿಕೆ, ಹೌದು, ನಂಬಿಕೆಯೇ, ನನ್ನಲ್ಲೂ ಒಂದಿತ್ತು.

ಬೋರ್ಡನ್ನೇ ಬಾವಿಕಟ್ಟೆಗೆ ಒಯ್ದು ಗಿಡ್ಡ ತಂತಿ ಹಾಕಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಸೆಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿ, ಬೋರ್ಡು ಸೆನ್ಸರಿನೊಡನೆ ಮಾತಾಡುವ ವೇಗವನ್ನು ತೀರಾ ತಗ್ಗಿಸಿದೆ. ಬೋರ್ಡು ಆಫ್ ಮಾಡಿ ಆನ್ ಮಾಡಿದೆ. ಬಾವಿಯ ತಳದಿಂದ, ಮಾವನ ಕೇಬಲ್ಲಿನಲ್ಲೇ, ನಂಬರು ಬಂತು. "ಮೊದ್ಲಿಂದ ಬಡ್ಕೊಂಡೆ ನಿಂಗೆ, ನಿಧಾನ ಮಾತಾಡು ಅಂತ" ಎಂದು ಅವನು ಅನ್ನಬೇಕಿತ್ತು. ಸ್ಟೂಲಿನ ಕಡೆ ತಿರುಗಿ ನೋಡಿಯೂ ಬಿಟ್ಟೆ.

ಮಳೆಗಾಲ ಹಿಡಿಯಿತು. ಬಾವಿಯ ಮಟ್ಟ ದಾವಣಗೆರೆಯಲ್ಲಿ ನನ್ನ ಫೋನಿಗೇ ಬರುತ್ತಿತ್ತು. ಹೊಳೆ ನೋಡುವುದು ಅತ್ತೆಯ ಜವಾಬ್ದಾರಿ. ಒಂದು ಬೆಳಿಗ್ಗೆ ಫೋನ್ ಬಂತು: "ಹೊಳಿ ಬಂತವ್ವಾ. ಬಟ್ಟೆ ಒಗಿಯೋ ಕಲ್ಲು ಮುಳುಗೈತೆ." ನೋಡಿದೆ, ಬಾವಿಯ ಮಟ್ಟದ ಗೆರೆ ಮಲಗಿದಲ್ಲೇ ಮಲಗಿತ್ತು. ಅದು ಏಳತೊಡಗಿದ್ದು ಮರುದಿನ ಸಂಜೆಗೆ.

ಹೊಳೆ ಮೊದಲು, ಬಾವಿ ಆಮೇಲೆ. ನಾನು ಗೆದ್ದೆ.

ಗೆದ್ದ ಮೇಲೆ ಎದುರಿನ ಕುರ್ಚಿಯವನ ಮುಖ ನೋಡುವುದು ನನ್ನ ಕೆಟ್ಟ ಚಾಳಿ. ಅಂದು ಮಂಡಕ್ಕಿ ತಟ್ಟೆ ಮುಂದಿಟ್ಟುಕೊಂಡು, ಮಾವನ ಪರವಾಗಿ ನಾನೇ ವಾದ ಹೂಡತೊಡಗಿದೆ. ಪರ ವಿರೋಧ ಎರಡೂ ಮಾತಾಡಲು ತರಬೇತಾದವಳು ತಾನೇ? ಬಾವಿಯಲ್ಲಿ ಹೂಳು ತುಂಬಿದೆ. ಈ ಸಲ ಮಳೆ ಸುರಿದದ್ದು ಮೇಲಿನ ಸೀಮೆಯಲ್ಲಿ, ಇಲ್ಲಲ್ಲ. ಹಿಂದಿನವರು ನೋಡುತ್ತಿದ್ದ ಹೊಳೆಯೇ ಬೇರೆ. ವಾದಗಳೇನೋ ಗಟ್ಟಿಯಾಗಿದ್ದವು, ಆದರೆ ಒಂದೂ ಅವನದಾಗಿರಲಿಲ್ಲ. ಅವನ ಮಾತು ಎಲ್ಲಿಂದಲೋ ಅಡ್ಡ ಬರುತ್ತಿತ್ತು, ಬರುವಾಗ ನನ್ನ ಜಡೆಯನ್ನೋ ನನ್ನ ಕಾಲೇಜನ್ನೋ ಆಡಿಕೊಂಡೇ ಬರುತ್ತಿತ್ತು. ಆ ಅಡ್ಡದಾರಿ ನನಗೆ ಸಿಗಲೇ ಇಲ್ಲ.

ಭಾನುವಾರ ಹರಿಹರಕ್ಕೆ ಹೋದೆ. "ಹಂಗಾರೆ ನೀನೇ ಗೆದ್ದೆ" ಅಂದರು ಅತ್ತೆ.

"ಮಾವ ಇದ್ದಿದ್ರೆ ಒಪ್ತಿದ್ನಾ ಅತ್ತೆ?"

"ಒಪ್ಪೋ ಮನುಷ್ಯನಾ ಅದು?" ಅತ್ತೆ ನಕ್ಕರು. ಆಮೇಲೆ ಬಾವಿಯ ಕಡೆ ಕೈ ಮಾಡಿ, "ಇನ್ನ ಅದನ್ನ ಮ್ಯಾಲೆ ತಗೀತೀಯೇನು?" ಅಂದರು.

"ಇಲ್ಲ. ಒಂದು ಮಳೆಗಾಲದ ಲೆಕ್ಕ ಸಾಲಲ್ಲ."

"ಯಾರಂದ್ರು?"

"ಇನ್ಯಾರು ಅಂತಾರೆ?"

ಕೇಬಲ್ಲು ಬಾವಿಕಟ್ಟೆಯ ಅಂಚಿಗೆ ಉಜ್ಜುತ್ತಿತ್ತು. ಅತ್ತೆ ಹಳೇ ಟವೆಲ್ಲೊಂದನ್ನು ತಂದು, ನಾಲ್ಕು ಮಡಿಕೆ ಮಾಡಿ, ಅದರ ಕೆಳಗಿಟ್ಟರು.