ಎಡಗಡೆ ಸೀಟಿನ ಬ್ರೇಕು

ಎಪ್ಪತ್ತರ ದಶಕದ ಕೊನೆಗೆ ಕೋಲಾರದಲ್ಲಿ ನನಗೆ ಕಾರು ಕಲಿಸಿದ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತೇ ಪಾಠ ಹೇಳುತ್ತಿದ್ದರು. ನನ್ನ ಪಕ್ಕದ ಸೀಟಿನ ಮುಂದೆ ಕಲಿಸುವವರಿಗೆಂದೇ ಇನ್ನೊಂದು ಬ್ರೇಕ್ ಪೆಡಲು ಇತ್ತು. ಆದರೆ ಆ ಜಾಗ, ಡ್ರೈವಿಂಗ್ ಸ್ಕೂಲು ಶುರು ಮಾಡಿ ತೀರಿಕೊಂಡಿದ್ದ ಅವರ ಅಣ್ಣನದಂತೆ. ದಿನಾ ಮೇಷ್ಟ್ರು ಆ ಖಾಲಿ ಸೀಟನ್ನು "ಅನ್ನಾ, ಪೋದಾಮಾ?" ಎಂದು ತೆಲುಗಿನಲ್ಲಿ ಹೊರಡಲು ಅಪ್ಪಣೆ ಕೇಳಿ, ಒಂದು ಕ್ಷಣ ಕಾದು, ಆಮೇಲೆ ನನಗೆ "ಹೊರಡೋ" ಅನ್ನುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು.

ಟೆಸ್ಟಿನ ದಿನ ಇನ್ಸ್‌ಪೆಕ್ಟರು ಆ ಸೀಟಿನಲ್ಲೇ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ನಾನು ಆಗಲೇ ಎರಡು ಸಲ ಫೇಲಾಗಿದ್ದೆ. ಈ ಸಲವೂ ಹೋದರೆ ಸಿಕ್ಕಿದ್ದ ಡ್ರೈವರ್ ಕೆಲಸವೂ ಹೋದಂತೆಯೇ. ಮುಳಬಾಗಿಲು ರಸ್ತೆಯ ತಿರುವಿನಲ್ಲಿ ರಾಗಿ ಹೊಲದಿಂದ ಎಮ್ಮೆಯೊಂದು ನುಗ್ಗಿತು. ನನ್ನ ಕಾಲು ಆಕ್ಸಿಲರೇಟರ್ ಮೇಲೇ ಮರಗಟ್ಟಿಹೋಯಿತು. ಆದರೂ ಕಾರು ಗಕ್ಕನೆ ನಿಂತಿತು.

"ಭೇಷ್! ಸರಿಯಾದ ಹೊತ್ತಿಗೆ ಬ್ರೇಕ್ ಹಿಡಿದೆ ಕಣಯ್ಯ," ಎಂದರು ಇನ್ಸ್‌ಪೆಕ್ಟರು, ಮಡಚಿದ ಕಾಲು ಬಿಡಿಸದೆ.

ನಾನು ಕೆಳಗೆ ನೋಡಿದೆ. ಅವರ ಮುಂದಿದ್ದ ಪೆಡಲು ನೆಲಕ್ಕೆ ಅಂಟಿಕೊಂಡಿತ್ತು. ಆಮೇಲೆ ಯಾರೋ ಕಾಲು ತೆಗೆದ ಹಾಗೆ ನಿಧಾನಕ್ಕೆ ಮೇಲೆ ಬಂತು.

ಎಂದಿನಂತೆ ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರು ಮೆಲ್ಲಗೆ, "ಅತ್ಲಾಗೆ ನೋಡ್ಬೇಡ. ಹೊರಡೋ," ಅಂದರು.

"ಮೊದ್ಲು ಅಣ್ಣನ್ನ ಕೇಳಿ ಸಾರ್," ಅಂದೆ.

ಪಾಸಾಯಿತು. ಲೈಸೆನ್ಸಿನಲ್ಲಿರುವ ಫೋಟೋ ನನ್ನದೇ. ಪಾಸಾದವರು ಯಾರು ಅಂತ ಮಾತ್ರ ಕೇಳಬೇಡಿ.